ಬೆಟ್ಟದ ಬುಡದವರೆಗೆ

ಅವರು ತೀರಿಕೊಂಡ ಸುದ್ದಿ ಹೇಳಿದವನು ಡ್ರೈವರ್ ಬಾಷಾ. ವಯಸ್ಸಾದರೂ ಫೋನಿನಲ್ಲಿ ಅವನ ದನಿ ಮೊದಲಿನಷ್ಟೇ ಜೋರು. "ಸಿಸ್ಟರಮ್ಮಾ, ನಮ್ಮ ಅಣ್ಣ ಹೋಗ್ಬುಟ್ರು. ಹೋಗಿ ಆಗ್ಲೇ ಹದಿನೈದು ದಿನ ಆಗೋಯ್ತಂತೆ. ನಂಗೂ ಇವತ್ತೇ ಗೊತ್ತಾಗಿದ್ದು" ಅಂದ. ಯಾವ ಅಣ್ಣ ಅಂತ ನಾನು ಕೇಳಲಿಲ್ಲ. ಬಾಷಾಗೂ ನನಗೂ ನಡುವೆ ಅಣ್ಣ ಅಂದರೆ ಒಬ್ಬರೇ.

ಪಕ್ಕದಲ್ಲಿ ಪೇಪರ್ ಓದುತ್ತಿದ್ದ ನಮ್ಮ ಮನೆಯವರು ಕನ್ನಡಕದ ಮೇಲಿನಿಂದ ನೋಡಿದರು. "ಸೈಕಲ್ಲಿನವರಾ?" ಅಂದರು. ಹೂಂ ಅಂದೆ. ಪೇಪರ್ ಮಡಚಿಟ್ಟು ಅಡುಗೆಮನೆಗೆ ಹೋಗಿ ಅವರೇ ಕಾಫಿ ಮಾಡಿ ತಂದರು. ಮದುವೆಯಾದ ಮೇಲೆ ಅವರು ಒಲೆಯ ಮುಂದೆ ನಿಂತದ್ದು ತೀರಾ ಅಪರೂಪ. ಸಕ್ಕರೆ ಜಾಸ್ತಿ ಆಗಿತ್ತು. ಪೂರ್ತಿ ಕುಡಿದೆ.

ಆ ಸೈಕಲ್ಲಿನವರ ಹೆಸರು ಬರೆಯುವುದಿಲ್ಲ. ಊರಿನಲ್ಲಿ ಅವರ ತಂಗಿಯರಿದ್ದಾರೆ, ತಮ್ಮ ಇದ್ದಾನೆ. ಅದೂ ಅಲ್ಲದೆ, ಆ ಹೆಸರು ಹಿಡಿದು ನಾನು ಅವರನ್ನು ಒಂದು ಸಲವೂ ಕರೆದವಳಲ್ಲ. ಕಾರ್ಖಾನೆಯಲ್ಲಿ ಎಲ್ಲರಿಗೂ ಅವರು ಅಣ್ಣ. ನನಗೆ ಹಾಗೆ ಕರೆಯಲು ಬಾಯಿ ಬರುತ್ತಿರಲಿಲ್ಲ, "ನೋಡಿ", "ಇಲ್ಲಿ ಕೇಳಿ" ಅಂತಲೇ ಕಾಲ ಕಳೆದೆ. ಅವರು ಮಾತ್ರ ಕೊನೆಯವರೆಗೂ ನನ್ನನ್ನು ಸಿಸ್ಟರ್ ಅಂತಲೇ ಕರೆದರು. ನರ್ಸುಗಳನ್ನು ಜಗತ್ತೆಲ್ಲ ಹಾಗೆಯೇ ಕರೆಯುತ್ತದೆ, ಏನು ಮಾಡುವುದು.

ಎಪ್ಪತ್ತರ ದಶಕದ ನಡುವೆ ನಾನು ತುಮಕೂರಿನ ಹೊರವಲಯದ ಒಂದು ಕಾರ್ಖಾನೆಯ ಡಿಸ್ಪೆನ್ಸರಿಗೆ ನರ್ಸಾಗಿ ಸೇರಿದೆ. ಊರು ಗುಬ್ಬಿ. ಅಪ್ಪ ಇರಲಿಲ್ಲ, ಅಮ್ಮ ಮತ್ತು ಓದುವ ತಮ್ಮ ಗುಬ್ಬಿಯಲ್ಲೇ ಇದ್ದರು. ನಾನು ಮರಳೂರಿನಲ್ಲಿ ಒಂದು ರೂಮು ಮಾಡಿಕೊಂಡಿದ್ದೆ. ಆ ಕಾರ್ಖಾನೆಗೆ ಒಂದು ಸೈಕಲ್ ಟೀಮು ಇತ್ತು. ಚೆನ್ನಾಗಿ ಸೈಕಲ್ ತುಳಿಯುವ ಹುಡುಗರಿಗೆ ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಕೊಡುತ್ತಿದ್ದರು. ಮಧ್ಯಾಹ್ನದ ಮೇಲೆ ಅವರಿಗೆ ಮಿಷನ್ ಮುಂದೆ ನಿಲ್ಲುವ ಕೆಲಸವಿಲ್ಲ, ಪ್ರಾಕ್ಟೀಸಿಗೆ ಬಿಡುವು. ಕ್ಯಾಂಟೀನಿನಲ್ಲಿ ಬೇರೆಯವರಿಗಿಲ್ಲದ ಹಾಲು, ಮೊಟ್ಟೆ. ಬದಲಿಗೆ ಅವರು ರೇಸುಗಳಲ್ಲಿ ಗೆದ್ದು ಕಾರ್ಖಾನೆಯ ಹೆಸರು ಪೇಪರಿನಲ್ಲಿ ಬರುವಂತೆ ಮಾಡಬೇಕು.

ಅವರನ್ನು ಮೊದಲು ನೋಡಿದ್ದು ಡಿಸ್ಪೆನ್ಸರಿಯ ಬಾಗಿಲಲ್ಲಿ. ಎತ್ತರದ ಆಳು, ಬಾಗಿಲು ತುಂಬುವಂಥ ಬೆನ್ನು, ಆಗಲೇ ಹಣೆಯ ಮೇಲೆ ಕೂದಲು ಹಿಂದೆ ಸರಿದಿತ್ತು. ಬೆಂಚು ಖಾಲಿ ಇದ್ದರೂ ನಿಂತೇ ಇದ್ದರು.

"ಕೂತ್ಕೊಳ್ಳಿ" ಅಂದೆ.

"ಕೂರೋಕೆ ಆಗಿದ್ರೆ ನಾನ್ಯಾಕೆ ಇಲ್ಲಿಗೆ ಬರ್ತಿದ್ದೆ ಸಿಸ್ಟರ್?"

"ಏನಾಗಿದೆ?"

"ಗುಳ್ಳೆ."

"ಎಲ್ಲಿ?"

ಗೋಡೆಯ ಮೇಲಿದ್ದ ಕುಟುಂಬ ಯೋಜನೆಯ ಚಿತ್ರವನ್ನೇ ನೋಡುತ್ತಾ, "ಸೈಕಲ್ ಸೀಟು ತಗಲೋ ಜಾಗ" ಅಂದರು.

"ನೋಡ್ಬೇಕಲ್ಲ."

"ನೋಡೋದೆಲ್ಲ ಬ್ಯಾಡಿ. ಮುಲಾಮು ಕೊಟ್ಬುಡಿ, ನಾನೇ ಹಚ್ಕೋತೀನಿ."

ಮುಲಾಮು ಕೊಟ್ಟು, ನಾಲ್ಕು ದಿನ ಸೈಕಲ್ ಮುಟ್ಟಬಾರದು ಅಂತ ಹೇಳಿ ಕಳಿಸಿದೆ. ತಲೆ ಅಲ್ಲಾಡಿಸಿ ಹೋದರು. ಅದೇ ಸಂಜೆ ಬಸ್ಸಿನ ಕಿಟಕಿಯಿಂದ ನೋಡುತ್ತೇನೆ, ಕುಣಿಗಲ್ ರಸ್ತೆಯಲ್ಲಿ ಅವರು ಸೀಟಿನ ಮೇಲೆ ಕೂರದೆ ನಿಂತುಕೊಂಡೇ ತುಳಿಯುತ್ತಾ ಹೋಗುತ್ತಿದ್ದಾರೆ. ಬಸ್ಸು ಅವರನ್ನು ಹಿಂದೆ ಹಾಕಲು ಬಹಳ ಹೊತ್ತು ಹಿಡಿಯಿತು. ನನ್ನನ್ನು ಕಂಡು ತಪ್ಪು ಮಾಡಿದ ಹುಡುಗನ ಹಾಗೆ ನಾಲಿಗೆ ಕಚ್ಚಿಕೊಂಡರು. ಆದರೆ ನಿಲ್ಲಿಸಲಿಲ್ಲ.

ಟೀಮಿನಲ್ಲಿ ಗೆಲ್ಲುವವನು ಚಂದ್ರು. ಕಡ್ಡಿಯಂಥ ಹುಡುಗ, ಗಾಳಿ ಬಂದರೆ ಹಾರಿಹೋಗುತ್ತಾನೇನೋ ಅನ್ನಿಸುವಷ್ಟು ಸಣಕಲು. ಉಳಿದವರೆಲ್ಲ ಅವನನ್ನು ಗೆಲ್ಲಿಸುವುದಕ್ಕೆ ಇದ್ದವರು. ಅದರಲ್ಲಿ ಇವರು ಎಲ್ಲರಿಗಿಂತ ಹಳಬರು. ಒಂದು ರೇಸನ್ನೂ ಇವರು ಗೆದ್ದಿರಲಿಲ್ಲ. ಗೆಲ್ಲುವುದು ಇವರ ಕೆಲಸವೇ ಅಲ್ಲ ಅಂತ ನನಗೆ ಅರ್ಥವಾಗಲು ಒಂದು ವರ್ಷ ಬೇಕಾಯಿತು.

ಆ ವರ್ಷ ರೇಸಿನಲ್ಲಿ ಯಾರೋ ಬಿದ್ದು ಕತ್ತಿನ ಹತ್ತಿರದ ಮೂಳೆ ಮುರಿದುಕೊಂಡಿದ್ದರಿಂದ, ಮುಂದಿನ ಸಲದಿಂದ ಟೀಮಿನ ವ್ಯಾನಿನಲ್ಲಿ ನರ್ಸ್ ಇರಬೇಕು ಅಂತ ಆರ್ಡರ್ ಆಯಿತು. ವ್ಯಾನು ಓಡಿಸುವವನು ಬಾಷಾ. ನೀರು, ಬಾಳೆಹಣ್ಣು, ಗ್ಲೂಕೋಸ್, ಎರಡು ಬಿಡಿ ಚಕ್ರ, ನನ್ನ ಔಷಧಿ ಪೆಟ್ಟಿಗೆ, ಇವಿಷ್ಟನ್ನು ತುಂಬಿಕೊಂಡು ನಾವು ಟೀಮಿನಲ್ಲಿ ಎಲ್ಲರಿಗಿಂತ ಹಿಂದೆ ಇರುವವನ ಬೆನ್ನಿಗೆ ಹೋಗಬೇಕು.

ರೇಸು ಮೂರು ದಿನದ್ದು. ಮೊದಲ ದಿನ ಕುಣಿಗಲ್ಲಿಗೆ ಹೋಗಿ ವಾಪಸ್ಸು. ಎರಡನೆಯ ದಿನ ಗುಬ್ಬಿ, ಕಡಬ, ಸಿ.ಎಸ್. ಪುರದ ಕಡೆ ಒಂದು ದೊಡ್ಡ ಸುತ್ತು. ಮೂರನೆಯ ದಿನ ಬಯಲಿನಲ್ಲಿ ಸುತ್ತಾಡಿ ಬಂದು ಕೊನೆಗೆ ದೇವರಾಯನದುರ್ಗದ ಬೆಟ್ಟ ಹತ್ತಬೇಕು. ಬೆಟ್ಟದ ಮೇಲೇ ಶಾಮಿಯಾನ, ಮೈಕು, ಹಾರ.

ಬಯಲಿನಲ್ಲಿ ಅವರನ್ನು ನೋಡಬೇಕಿತ್ತು. ಕುಣಿಗಲ್ಲಿನ ಕುದುರೆ ಫಾರಮ್ಮಿನ ಹತ್ತಿರ ಬೇಲಿಯ ಆಚೆ ಕುದುರೆಗಳು ಸೈಕಲ್ಲುಗಳ ಜೊತೆ ಓಡಿ ಬರುತ್ತಿದ್ದವು. ಅವುಗಳಿಗೂ ಇವರ ಬೆನ್ನಿಗೂ ಅಂಥ ವ್ಯತ್ಯಾಸ ಕಾಣುತ್ತಿರಲಿಲ್ಲ. ಕಡಬದ ಕೆರೆಯ ಏರಿಯ ಮೇಲಂತೂ ಅವರದೇ ರಾಜ್ಯ. ನೀರಿನ ಮೇಲಿನಿಂದ ಅಡ್ಡಗಾಳಿ ಬೀಸಿ ಸೈಕಲ್ಲುಗಳು ರಸ್ತೆಯ ಅಂಚಿಗೆ ಜಾರುತ್ತಿದ್ದವು. ಏರಿಗೆ ಬರುವ ಮೊದಲೇ ತೆಂಗಿನ ಗರಿ ಯಾವ ಕಡೆ ಮಗುಚಿದೆ ಅಂತ ನೋಡಿಟ್ಟುಕೊಂಡಿರುತ್ತಿದ್ದರು. "ಚಂದ್ರು, ಈ ಕಡೆ ಬಾರ್ಲಾ! ನನ್ ಭುಜದ ಸಂದಿಗೆ ಬಾ! ಅಲ್ಲೇ ಇರ್ಲಾ!" ಅಂತ ಅವರು ಕೂಗುವುದು ವ್ಯಾನಿನವರೆಗೆ ಕೇಳುತ್ತಿತ್ತು. ಅವರ ಪಕ್ಕದಲ್ಲಿ ಚಂದ್ರು ಹಸುವಿನ ಮಗ್ಗುಲಿಗೆ ಸೇರಿಕೊಂಡ ಕರುವಿನ ಹಾಗೆ ಆರಾಮಾಗಿ ಬರುತ್ತಿದ್ದ. ಬೇರೆ ಟೀಮಿನವರು ಗಾಳಿಗೆ ಚೆಲ್ಲಾಪಿಲ್ಲಿ. ಊರು ದಾಟಿದ ಮೇಲೆ ಅವರು ವ್ಯಾನಿನ ಹತ್ತಿರ ಹಿಂದೆ ಬಂದು ಕಿಟಕಿಗೆ ಕೈ ಚಾಚುತ್ತಿದ್ದರು. ನಾನು ಕೊಟ್ಟ ನೀರಿನ ಬಾಟ್ಲುಗಳನ್ನೆಲ್ಲ ಅಂಗಿಯೊಳಗೆ ತುರುಕಿಕೊಂಡು, "ಅಯ್ಯಪ್ಪಾ, ಹೊಟ್ಟೆ ತಣ್ಣಗಾಯ್ತು" ಅಂತ ನಕ್ಕು, ಬಸುರಿಯ ಹಾಗೆ ಉಬ್ಬಿಕೊಂಡು ಮತ್ತೆ ಮುಂದಕ್ಕೆ ಹೋಗಿ ಎಲ್ಲರಿಗೂ ಹಂಚುತ್ತಿದ್ದರು. ತಾವು ಕುಡಿಯುತ್ತಿದ್ದುದು ಕೊನೆಗೆ ಉಳಿದರೆ.

ಮೂರನೆಯ ದಿನವೂ ಹಾಗೇ ಎಲ್ಲರ ಮುಂದೆ ಇದ್ದರು. ಕಾಡು ಶುರುವಾಗಿ ರಸ್ತೆ ಮೇಲಕ್ಕೆ ಎದ್ದಿತು. ಮೊದಲ ತಿರುವಿನ ಹತ್ತಿರ ಅವರು ಒಮ್ಮೆ ಹಿಂದೆ ತಿರುಗಿ ನೋಡಿ, ಚಂದ್ರುವಿಗೆ ಕೈಯಿಂದ ಹೋಗು ಅಂತ ಸನ್ನೆ ಮಾಡಿ, ಪಕ್ಕಕ್ಕೆ ಸರಿದರು. ಅಷ್ಟೇ. ಚಂದ್ರು ಹೋದ, ಇನ್ನೊಬ್ಬ ಹೋದ, ಬೇರೆ ಟೀಮಿನವರೆಲ್ಲ ಹೋದರು, ಎಲ್ಲರೂ ಅವರನ್ನು ದಾಟಿಕೊಂಡು ಹೋಗುತ್ತಿದ್ದಾರೆ, ಅವರು ಮಾತ್ರ ನಮ್ಮ ವ್ಯಾನಿನ ಮೂತಿಯ ಕಡೆಗೆ ಹಿಂದೆ ಹಿಂದೆ ಬರುತ್ತಿದ್ದಾರೆ.

ನಾನು ಗಾಬರಿಯಾಗಿ ಔಷಧಿ ಪೆಟ್ಟಿಗೆ ಎತ್ತಿಕೊಂಡೆ. "ಏನಾಯ್ತು ಬಾಷಾ ಅವರಿಗೆ? ಪಂಕ್ಚರಾ? ತಲೆ ಸುತ್ತಾ?"

"ಏನೂ ಆಗಿಲ್ಲ ಸಿಸ್ಟರಮ್ಮಾ, ಪೆಟ್ಗೆ ಕೆಳಗಿಡಿ" ಅಂದ ಬಾಷಾ, ಫಸ್ಟ್ ಗೇರಿಗೆ ಇಳಿಸುತ್ತಾ. "ಅವ್ರ ಕೆಲ್ಸ ಮುಗೀತು. ಇನ್ಮೇಲೆ ಅವ್ರು, ನಾವು, ಕೋತಿಗಳು."

ಅವರು ಬೆಟ್ಟದಲ್ಲಿ ಯಾಕೆ ಹಿಂದೆ ಬೀಳುತ್ತಾರೆ ಅನ್ನುವುದಕ್ಕೆ ಕಾರ್ಖಾನೆಯಲ್ಲಿ ಒಬ್ಬೊಬ್ಬರದು ಒಂದೊಂದು ಕಾರಣ. ಮುದ್ದೆ ಜಾಸ್ತಿ ಹೊಡೀತಾರೆ ಅಂತ ಕ್ಯಾಂಟೀನಿನವರು. ವಯಸ್ಸಾಯ್ತು ಅಂತ ಬಾಷಾ. ಒಂದು ದಿನ ಡಿಸ್ಪೆನ್ಸರಿಯಲ್ಲಿ ಟೀಮಿನವರನ್ನೆಲ್ಲ ತೂಕ ಮಾಡುತ್ತಿದ್ದಾಗ ನಾನು ಅವರನ್ನೇ ಕೇಳಿದೆ.

ತೂಕದ ಮಿಷನ್ ಮೇಲೆ ನಿಂತೇ ಹೇಳಿದರು. "ಬಯಲಲ್ಲಿ ನಮ್ಗೆ ಎದುರಾಳಿ ಗಾಳಿ ಸಿಸ್ಟರ್. ಅದನ್ನ ನನ್ ಎದೆ ಮೇಲೆ ತಗೊಂಡ್ರೆ ಹಿಂದ್ಗಡೆ ಬರೋನ್ಗೆ ಅರ್ಧ ಕಷ್ಟ ಇರಲ್ಲ. ಬೆಟ್ಟದಲ್ಲಿ ಹಂಗಲ್ಲ. ಅಲ್ಲಿ ಗಾಳಿ ಲೆಕ್ಕಕ್ಕೇ ಬರಲ್ಲ, ಅವನವನ ಮೈಭಾರ ಅವನವನೇ ಎತ್ಕೊಂಡು ಹೋಗ್ಬೇಕು. ನನ್ ಭಾರ ನೀವೇ ನೋಡ್ತಾ ಇದೀರಲ್ಲ. ಅದ್ರ ಜೊತೆ, ಅಲ್ಲಿಗೆ ಬರೋ ಹೊತ್ಗೆ ಕಾಲಲ್ಲಿ ಇರೋದೆಲ್ಲ ಖರ್ಚಾಗಿರ್ತದೆ."

"ಸ್ವಲ್ಪ ಉಳಿಸ್ಕೋಬಾರ್ದಾ?"

"ಉಳಿಸ್ಕೊಂಡ್ರೆ ಚಂದ್ರು ಬುಡಕ್ಕೇ ಸುಸ್ತಾಗಿ ಬರ್ತಾನೆ. ಆಮೇಲೆ ನಾನೂ ಗೆಲ್ಲಲ್ಲ, ಅವ್ನೂ ಗೆಲ್ಲಲ್ಲ." ಮಿಷನ್ನಿನಿಂದ ಇಳಿದು ಚಪ್ಪಲಿ ಮೆಟ್ಟಿಕೊಂಡರು. "ಹಿಂದೆಲ್ಲ ಅರ್ಧ ಬೆಟ್ಟದವರೆಗೂ ಕರ್ಕೊಂಡು ಹೋಗ್ತಿದ್ದೆ ಸಿಸ್ಟರ್. ಈಗ ಬುಡದವರೆಗೆ. ಅಷ್ಟಾದ್ರೂ ಆಗ್ತದಲ್ಲ."

ಮನೆಯಲ್ಲೂ ಅವರ ಕಥೆ ಹಾಗೇ ಇತ್ತು ಅಂತ ಬಾಷಾನಿಂದ ಗೊತ್ತಾಯಿತು. ಕುಣಿಗಲ್ ಹತ್ತಿರದ ಹಳ್ಳಿ. ಅಪ್ಪ ಬೇಗ ಹೋದ. ತಂಗಿಯರ ಮದುವೆ, ತಮ್ಮನ ಓದು ಅಂತ ಮಾಡುತ್ತಾ ಮಾಡುತ್ತಾ ತಮ್ಮದೇ ಮದುವೆಯ ವಯಸ್ಸು ದಾಟಿಸಿಕೊಂಡಿದ್ದರು.

ವ್ಯಾನಿನಲ್ಲಿ ಹೋದ ಆ ಮೊದಲ ವರ್ಷ ಬೆಟ್ಟದಲ್ಲಿ ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಒಳಗೆ ಬಂದ್ಬಿಡಿ, ಯಾರೂ ಏನೂ ಅನ್ಕೊಳ್ಳಲ್ಲ" ಅಂದಿದ್ದೆ. ಅವರ ಮುಖ ಕೆಂಡದ ಹಾಗಿತ್ತು. ಬೇಡ ಅಂತ ತಲೆ ಅಲ್ಲಾಡಿಸಿದರು. ಇನ್ನೊಂದು ತಿರುವು ಕಳೆದ ಮೇಲೆ ಒಂದೊಂದೇ ಪದ ಉಗುಳಿದಂತೆ ಹೇಳಿದರು. "ಮಾತಾಡ್ತಾ... ಇರಿ ಸಿಸ್ಟರ್. ಕೇಳ್ತಾ... ಬರ್ತೀನಿ."

ಏನು ಮಾತಾಡುವುದು? ಮರಳೂರಿನ ರೂಮಿನ ಹೆಂಚು ಸೋರುವುದನ್ನು ಹೇಳಿದೆ. ಮನೆ ಓನರ್ ಹೆಂಡತಿ ನನ್ನ ಕಾಗದಗಳನ್ನು ಬಿಸಿಲಿಗೆ ಹಿಡಿದು ಓದಲು ನೋಡುವುದನ್ನು ಹೇಳಿದೆ. ಅವರಿಗೆ ನಗು ಬಂದು ಸೈಕಲ್ಲು ಅಡ್ಡಾದಿಡ್ಡಿ ಆಯಿತು. ಬಾಷಾ, "ನಗಿಸ್ಬೇಡಿ ಅಮ್ಮಾ, ಬೀಳ್ತಾರೆ" ಅಂದ.

ಅಲ್ಲಿಂದ ಅದೇ ಅಭ್ಯಾಸವಾಯಿತು. ರೇಸಿಗೆ ಮುಂಚಿನ ತಿಂಗಳುಗಳಲ್ಲಿ ಭಾನುವಾರ ಭಾನುವಾರ ಬೆಟ್ಟದ ಪ್ರಾಕ್ಟೀಸು ಇರುತ್ತಿತ್ತು. ಚಂದ್ರು ಮತ್ತು ಹುಡುಗರು ಮುಂದೆ ಕಾಣದ ಹಾಗೆ ಹೋಗಿಬಿಡುತ್ತಿದ್ದರು. ಹಿಂದೆ ಅವರು, ಅವರ ಪಕ್ಕದಲ್ಲಿ ನಡೆಯುವಷ್ಟೇ ವೇಗದಲ್ಲಿ ನಮ್ಮ ವ್ಯಾನು, ವ್ಯಾನಿನ ಕಿಟಕಿಯಲ್ಲಿ ನಾನು. ಡಿಸ್ಪೆನ್ಸರಿಯಲ್ಲಿ ಎದುರು ಬದುರು ಕೂತರೆ ನಮ್ಮಿಬ್ಬರಿಗೂ ಮಾತೇ ಹೊರಡುತ್ತಿರಲಿಲ್ಲ. ಬೆಟ್ಟದಲ್ಲಿ ಮಾತ್ರ ನಾನು ನಿಲ್ಲಿಸುತ್ತಿರಲಿಲ್ಲ. ಅಪ್ಪ ಹೋದ ದಿನದ್ದು, ಅಮ್ಮನ ಮಂಡಿ ನೋವು, ನನಗೆ ಡಾಕ್ಟರಾಗುವ ಆಸೆ ಇದ್ದದ್ದು, ಒಂದು ಹೆರಿಗೆಯಲ್ಲಿ ನನ್ನ ಕೈಯಲ್ಲೇ ಹೋದ ಮಗು, ಯಾರಿಗೂ ಹೇಳದ್ದನ್ನೆಲ್ಲ ಹೇಳಿದೆ. ಅವರಿಗೆ ಉತ್ತರ ಕೊಡಲು ಉಸಿರಿಲ್ಲ ಅನ್ನುವುದೇ ನನಗೆ ಧೈರ್ಯ. ಕೇಳುವವರು ನಡುವೆ ಬಾಯಿ ಹಾಕದೆ, ಸಮಾಧಾನ ಹೇಳದೆ, ಬುದ್ಧಿ ಹೇಳದೆ ಬರೀ ಕೇಳಿದರೆ ಎದೆ ಎಷ್ಟು ಹಗುರಾಗುತ್ತದೆ ಅಂತ ನನಗೆ ಗೊತ್ತಾದದ್ದು ಆ ತಿರುವುಗಳಲ್ಲಿ. ಬಾಷಾ ಎಲ್ಲವನ್ನೂ ಕೇಳಿಸಿಕೊಂಡು ರಸ್ತೆ ನೋಡುತ್ತಿದ್ದ. ಅವನು ಒಂದು ಮಾತನ್ನೂ ಎಲ್ಲೂ ಆಡಲಿಲ್ಲ. ಆ ಋಣ ನನ್ನ ಮೇಲಿದೆ.

ಮೇಲೆ ತಲುಪುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ರೇಸಿನ ದಿನ ಶಾಮಿಯಾನದ ಕುರ್ಚಿಗಳನ್ನು ಲಾರಿಗೆ ಏರಿಸುತ್ತಿರುವಾಗ ಅವರು ಕೊನೆಯ ಗೆರೆ ದಾಟುತ್ತಿದ್ದರು. ಚಂದ್ರು ಗೆದ್ದದ್ದನ್ನು ಅವರು ಕಣ್ಣಾರೆ ಕಂಡದ್ದೇ ಇಲ್ಲ. ಒಂದು ವರ್ಷ ಚಂದ್ರು ತನ್ನ ಹಾರವನ್ನು ಇವರಿಗೆ ಹಾಕಬೇಕು ಅಂತ ಕಟ್ಟೆಯ ಮೇಲೆ ತೆಗೆದಿಟ್ಟಿದ್ದ. ಇವರು ಬರುವ ಮೊದಲೇ ಕೋತಿಯೊಂದು ಅದನ್ನು ಕಿತ್ತು ಸೇವಂತಿಗೆ ತಿನ್ನುತ್ತಾ ಕೂತಿತ್ತು. ಚಂದ್ರುವಿನ ಕಣ್ಣಲ್ಲಿ ನೀರೇ ಬಂದಿತ್ತು. ಇವರು ಅವನ ತಲೆ ಸವರಿ, "ಬುಡೋ, ಅದೂ ಬೆಟ್ಟ ಹತ್ಕೊಂಡೇ ಬಂದಿರೋದು" ಅಂದರು.

ಅಮ್ಮ ನನ್ನ ಮದುವೆಯ ಮಾತು ಎತ್ತುತ್ತಲೇ ಇದ್ದಳು. ತಮ್ಮನ ಓದು ಮುಗಿಯಲಿ ಅಂತ ನಾನು ಮುಂದೂಡುತ್ತಿದ್ದೆ. ಎಂಬತ್ತರ ದಶಕ ಶುರುವಾಯಿತು, ಅವನ ಓದೂ ಮುಗಿಯಿತು, ಕೆಲಸವೂ ಸಿಕ್ಕಿತು. ಗುಬ್ಬಿಯಲ್ಲೇ ಹೈಸ್ಕೂಲ್ ಮೇಷ್ಟ್ರೊಬ್ಬರ ಮನೆಯಿಂದ ಪ್ರಸ್ತಾಪ ಬಂತು. ಒಳ್ಳೆಯ ಜನ, ನಮ್ಮದೇ ಜಾತಿ. ಬೆಟ್ಟದಲ್ಲಿ ನನ್ನ ಮಾತು ಕೇಳುತ್ತಿದ್ದ ಇವರ ಜಾತಿ ಬೇರೆ. ಅದನ್ನು ನಾನು ಯಾವತ್ತೂ ಬಾಯಿಬಿಟ್ಟು ಆಡಿರಲಿಲ್ಲ, ಆದರೆ ರಾತ್ರಿ ಮಲಗಿದಾಗ ಯೋಚನೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು.

ಅದೇ ವರ್ಷ ಕಾರ್ಖಾನೆಗೆ ಹೊಸ ವೆಲ್ಫೇರ್ ಆಫೀಸರ್ ಬಂದರು. ರೇಸು ನೋಡಿದವರಲ್ಲ. ಯಾರು ಎಷ್ಟನೆಯವರಾಗಿ ಬಂದರು ಅಂತ ಕೇಳಿ ತಿಳಿದುಕೊಂಡು, "ಕೊನೆಗೆ ಬರೋನಿಗೆ ಹಾಲು ಮೊಟ್ಟೆ ಯಾಕ್ರೀ?" ಅಂದರಂತೆ. ರೇಸಿನಲ್ಲಿ ಒಂದು ನಿಯಮವಿದೆ. ಮೊದಲನೆಯವನು ಗೆರೆ ದಾಟಿದ ಮೇಲೆ ಇಂತಿಷ್ಟು ಹೊತ್ತು ಕಾಯುತ್ತಾರೆ. ಅದರೊಳಗೆ ಬಂದವರು ಮಾತ್ರ ರೇಸು ಮುಗಿಸಿದ ಲೆಕ್ಕ. ಇವರು ಪ್ರತಿವರ್ಷ ಆ ಹೊತ್ತಿನೊಳಗೆ ಹೇಗೋ ಬಂದು ಸೇರುತ್ತಿದ್ದರು. ಈ ಸಲ ತಪ್ಪಿದರೆ ಟೀಮಿನಿಂದ ತೆಗೆದು ಕಬ್ಬಿಣ ಕರಗಿಸುವ ಫೌಂಡ್ರಿಯ ಶಿಫ್ಟಿಗೆ ಹಾಕುತ್ತೇನೆ ಅಂತ ಆಫೀಸರ್ ಹೇಳಿದ್ದರು. ಇವರು ನಕ್ಕುಬಿಟ್ಟರು. ಆದರೆ ಭಾನುವಾರದ ಪ್ರಾಕ್ಟೀಸಿನಲ್ಲಿ ಮೊದಲ ತಿರುವಿಗೇ ಅವರ ಹೆಗಲು ಕುಲುಕಾಡತೊಡಗಿದ್ದನ್ನು ನಾನು ನೋಡಿದ್ದೆ.

ರೇಸಿನ ಮೂರನೆಯ ದಿನ. ಬಯಲಿನಲ್ಲಿ ಗಾಳಿ ವಿಪರೀತ ಇತ್ತು. ಹುಡುಗರಲ್ಲಿ ಇಬ್ಬರು ಬಿದ್ದು ರೇಸು ಬಿಟ್ಟಿದ್ದರಿಂದ ಅವರೊಬ್ಬರೇ ಚಂದ್ರುವನ್ನು ಎಳೆದು ತಂದರು. ಬೆಟ್ಟದ ಬುಡಕ್ಕೆ ಬಂದಾಗ ಚಂದ್ರುವಿನ ಅಂಗಿ ಹೆಚ್ಚುಕಡಿಮೆ ಒಣಗಿಯೇ ಇತ್ತು. ಇವರದ್ದು ಹಿಂಡಿದರೆ ನೀರು. ಎಂದಿನಂತೆ ಕೈಸನ್ನೆ ಮಾಡಿ ಪಕ್ಕಕ್ಕೆ ಸರಿದರು. ಎಂದಿನಂತೆ ನಮ್ಮ ಹತ್ತಿರ ಬಂದರು.

"ಮಾತಾಡಿ" ಅಂತ ಕೈಯಲ್ಲೇ ಕೇಳಿದರು.

ನಾನು ಬಹಳ ಹೊತ್ತು ಮಾತಾಡಲಿಲ್ಲ. ಬಾಷಾ ಒಮ್ಮೆ ನನ್ನ ಕಡೆ ನೋಡಿದ. ಅರ್ಧ ಬೆಟ್ಟ ಆಗಿತ್ತು. ಹೊತ್ತು ಮೀರುವುದಿಲ್ಲ, ಹೀಗೇ ತುಳಿದರೆ ಸೇರುತ್ತಾರೆ ಅಂತ ಬಾಷಾ ಗಡಿಯಾರ ನೋಡಿ ಹೇಳಿದ. ಆಗ ನನಗೆ ಏನನ್ನಿಸಿತೋ, ಕಿಟಕಿಯಿಂದ ಬಗ್ಗಿ ಹೇಳಿದೆ.

"ಗುಬ್ಬಿಯಿಂದ ಒಂದು ಗಂಡು ಬಂದಿದೆ. ಮೇಷ್ಟ್ರು. ಅಮ್ಮ ಉತ್ತರ ಕೇಳ್ತಿದಾಳೆ. ನೀವು ಬೇಡ ಅಂದ್ರೆ ನಾನು ಬೇಡ ಅಂತೀನಿ."

ಬಾಷಾ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಕಲ್ಲಿನ ಹಾಗೆ ಕೂತಿದ್ದ. ಅವರು ತಲೆ ತಗ್ಗಿಸಿಯೇ ಕೆಲವು ಸುತ್ತು ಪೆಡಲ್ ತುಳಿದರು. ಕೇಳಿಸಲಿಲ್ಲವೇನೋ ಅಂದುಕೊಂಡೆ.

ಆಮೇಲೆ ಅವರು ಕಾಲು ಕೆಳಗಿಟ್ಟರು.

ಇಷ್ಟು ವರ್ಷಗಳಲ್ಲಿ ಆ ಬೆಟ್ಟದಲ್ಲಿ ಅವರು ಕಾಲು ನೆಲಕ್ಕೆ ಇಟ್ಟದ್ದನ್ನು ನಾನು ನೋಡಿರಲಿಲ್ಲ. ಬಾಷಾ ಬ್ರೇಕ್ ಹಾಕಿದ. ಹ್ಯಾಂಡಲ್ ಮೇಲೆ ಎದೆ ಊರಿ ಅವರು ಬಗ್ಗಿ ನಿಂತಿದ್ದರು. ಬೆನ್ನು ತಿದಿಯ ಹಾಗೆ ಏಳುತ್ತಿತ್ತು, ಇಳಿಯುತ್ತಿತ್ತು. ಮಾತಾಡುವುದಕ್ಕೆ ಉಸಿರು ಕೂಡಿಸಿಕೊಳ್ಳುತ್ತಿದ್ದಾರೆ ಅಂತ ನನಗೆ ಗೊತ್ತಾಯಿತು. "ಅಣ್ಣಾ, ಟೈಮು! ಹತ್ತಿ ಅಣ್ಣಾ!" ಅಂತ ಬಾಷಾ ಕೂಗಿದ. ಅವರು ಕೈ ಎತ್ತಿ ಅವನನ್ನು ತಡೆದರು. ನನ್ನ ಕಡೆ ತಿರುಗಿದರು. ತುಟಿ ಆಡಿದವು, ಬರೀ ಗಾಳಿ ಬಂತು. ಮತ್ತೆ ಆಡಿದವು. ಏನೋ ಗೊರಗೊರ ಸದ್ದು, ಕೆಮ್ಮು. ಕೊನೆಗೆ ಒಂದು ಪದ ಮಾತ್ರ ಹೊರಗೆ ಬಂತು.

"...ಒಪ್ಕೊಳ್ಳಿ."

ನನಗೂ ಕೇಳಿಸಿತು, ಬಾಷಾನಿಗೂ ಕೇಳಿಸಿತು.

"ಸರಿ" ಅಂದೆ. ಕೂಡಲೇ ಅಂದೆ, ಅವರ ಮುಖ ನೋಡಲಿಲ್ಲ.

ಅವರು ಸೈಕಲ್ ಹತ್ತಲು ನೋಡಿದರು. ಅಂಥ ಏರಿನಲ್ಲಿ ಒಮ್ಮೆ ನಿಂತರೆ ಮತ್ತೆ ಹೊರಡುವುದು ಕಷ್ಟ. ಒಂದು ಕಾಲು ಪೆಡಲ್ ಮೇಲಿಟ್ಟರೆ ಚಕ್ರ ಹಿಂದಕ್ಕೆ ಬರುತ್ತಿತ್ತು. ಎರಡು ಸಲ ಬೀಳುವಂತಾದರು. ವ್ಯಾನಿನವರು ಸೈಕಲ್ ಮುಟ್ಟುವ ಹಾಗಿಲ್ಲ. ನಾನು ಬಾಗಿಲು ತೆಗೆದು ಇಳಿದೆ, ಸೀಟಿನ ಹಿಂದೆ ಕೈಯಿಟ್ಟು ಇದ್ದಬದ್ದ ಶಕ್ತಿಯೆಲ್ಲ ಹಾಕಿ ತಳ್ಳಿದೆ. ಚಪ್ಪಲಿ ಒಂದು ಕಿತ್ತುಹೋಯಿತು. ಸೈಕಲ್ಲು ಹೊರಟಿತು. ಬಾಷಾ ಆಗ ಆ ಕಡೆಯ ಕಾಡು ನೋಡುತ್ತಿದ್ದ.

ಹೊತ್ತು ಮೀರಿತ್ತು. ಗೆರೆಯ ಹತ್ತಿರ ಕೂತವರು ಅವರ ಹೆಸರು ಬರೆದುಕೊಳ್ಳಲಿಲ್ಲ. ಚಂದ್ರು ಗೆದ್ದಿದ್ದ. ಅವನು ಓಡಿ ಬಂದು ಇವರನ್ನು ತಬ್ಬಿಕೊಂಡದ್ದನ್ನು ವ್ಯಾನಿನ ಒಳಗಿನಿಂದ ನೋಡಿದೆ. ಮರುದಿನ ಬೆಳಿಗ್ಗೆಯೇ ರಜೆ ಹಾಕಿ ಗುಬ್ಬಿಗೆ ಹೋದೆ. ಒಂದು ವಾರದ ಮೇಲೆ ಮದುವೆ ನಿಶ್ಚಯ ಮಾಡಿಕೊಂಡು, ಮೈಸೂರು ಪಾಕ್ ಡಬ್ಬ ಹಿಡಿದುಕೊಂಡು ವಾಪಸ್ಸು ಬಂದೆ. ಡಿಸ್ಪೆನ್ಸರಿಯಲ್ಲಿ ಎಲ್ಲರೂ ನನ್ನನ್ನು ಸುತ್ತುವರಿದು ರೇಗಿಸುತ್ತಿದ್ದರು, ನಾನೂ ಜೋರಾಗಿ ನಗುತ್ತಿದ್ದೆ. ಅವರು ಬಂದು ಬಾಗಿಲಲ್ಲಿ ನಿಂತರು. ಆಗಲೇ ಫೌಂಡ್ರಿಗೆ ಹಾಕಿದ್ದರು, ಬಟ್ಟೆಯೆಲ್ಲ ಮಸಿ. ಒಂದು ತುಂಡು ಕೊಟ್ಟೆ. ಎರಡೂ ಕೈಯೊಡ್ಡಿ ತಗೊಂಡು, ಹೋದರು.

ಮದುವೆಗೆ ಬಾಷಾ ಬಂದ, ಚಂದ್ರು ಬಂದ. ಅವರು ಬರಲಿಲ್ಲ. ನಾನು ಕಾರ್ಖಾನೆ ಬಿಟ್ಟು ಗುಬ್ಬಿಯ ಆಸ್ಪತ್ರೆಗೆ ಸೇರಿಕೊಂಡೆ. ಮರುವರ್ಷ ರೇಸು ನಮ್ಮ ಊರಿನ ಮೇಲೆ ಹಾದುಹೋದಾಗ ರಸ್ತೆಬದಿ ನಿಂತು ನೋಡಿದೆ. ಚಂದ್ರು ಒಬ್ಬನೇ ಗಾಳಿಗೆ ಎದುರಾಗಿ, ತಲೆ ಎಲ್ಲೆಲ್ಲೋ ತಿರುಗಿಸುತ್ತಾ, ಯಾರ ಹಿಂದೆ ಸೇರಿಕೊಳ್ಳಲಿ ಅಂತ ಹುಡುಕುವವನ ಹಾಗೆ ಹೋದ. ಆ ಸಲ ಅವನು ಬೆಟ್ಟದಲ್ಲಿ ಮಧ್ಯದಲ್ಲೇ ಉಳಿದುಬಿಟ್ಟನಂತೆ. ಇನ್ನೆರಡು ವರ್ಷಕ್ಕೆ ಇವರು ಕೆಲಸ ಬಿಟ್ಟು ಹಳ್ಳಿಗೆ ಹೋದರು ಅಂತ ಬಾಷಾ ಹೇಳಿದ.

ನನ್ನ ಸಂಸಾರ ಚೆನ್ನಾಗಿಯೇ ನಡೆಯಿತು. ನಮ್ಮ ಮನೆಯವರು ಮೆದು ಮನುಷ್ಯ. ಈ ಕಥೆಯಲ್ಲಿ ನನಗೆ ಗೊತ್ತಿದ್ದಷ್ಟನ್ನು ಮದುವೆಯಾದ ಮೊದಲ ವರ್ಷವೇ ಅವರಿಗೆ ಹೇಳಿದ್ದೆ. ಕೇಳಿ, "ಪಾಪ" ಅಂದಿದ್ದರು. ಯಾರನ್ನು ಅಂದರೋ ನಾನು ಕೇಳಲಿಲ್ಲ.

ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಒಮ್ಮೆ ಲಸಿಕೆ ಕ್ಯಾಂಪಿಗೆ ಕುಣಿಗಲ್ಲಿಗೆ ಹೋಗಿದ್ದೆ. ಕೆಲಸ ಮುಗಿಸಿ ಗುಬ್ಬಿ ಬಸ್ಸಿಗೆ ಕಾಯುತ್ತಾ ಕೆರೆಯ ಹತ್ತಿರದ ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದೆ. "ಸಿಸ್ಟರ್" ಅಂತ ಯಾರೋ ಕರೆದರು. ಮಾಮೂಲಿ ಸೈಕಲ್ಲು, ಕ್ಯಾರಿಯರ್ ಮೇಲೆ ಹಿಟ್ಟಿನ ಮೂಟೆ, ಪೂರ್ತಿ ಬೋಳಾದ ತಲೆಗೆ ಸುತ್ತಿದ ಟವೆಲ್ಲು. ನನ್ನ ಪಕ್ಕದಲ್ಲಿ ಜಾಗ ಬಿಟ್ಟು ಕೂತರು. ತೋಟಕ್ಕೆ ತೆಂಗಿನ ಸಸಿ ಹಾಕಿದ್ದು, ತಂಗಿಯ ಮಗನಿಗೆ ಸೈಕಲ್ ಕಲಿಸುತ್ತಿರುವುದು, ಎಲ್ಲ ಹೇಳಿದರು. ನನ್ನ ಮಕ್ಕಳನ್ನು ಕೇಳಿದರು. ಅಮ್ಮನ ಮಂಡಿ ನೋವು ಹೇಗಿದೆ ಅಂತಲೂ ಕೇಳಿದರು.

ಟೀ ಮುಗಿಯುವ ಹೊತ್ತಿಗೆ ನಾನು ಕೇಳಿಯೇಬಿಟ್ಟೆ.

"ಒಪ್ಕೊಳ್ಳಿ ಅನ್ನೋ ಒಂದು ಮಾತಿಗೆ ಅವತ್ತು ಸೈಕಲ್ ಇಳೀಬೇಕಾಗಿತ್ತಾ? ತಲೆ ಅಲ್ಲಾಡಿಸಿದ್ರೆ ನನಗೆ ಗೊತ್ತಾಗ್ತಿತ್ತು. ನಿಮ್ಮ ಜಾಗನಾದ್ರೂ ಉಳೀತಿತ್ತು."

ಅವರು ಲೋಟವನ್ನು ಕೈಯಲ್ಲೇ ತಿರುಗಿಸುತ್ತಿದ್ದರು. "ಹೇಳಕ್ಕೆ ಹೊರಟಿದ್ದು ಒಂದು ಮಾತಲ್ಲ ಸಿಸ್ಟರ್. ಉದ್ದ ಇತ್ತು. ಉಸಿರು ಸಾಲ್ಲಿಲ್ಲ. ಬಾಲ ಒಂದು ಈಚೆಗೆ ಬಂತು."

ಗುಬ್ಬಿ ಬಸ್ಸು ಬಂದು ನಿಂತಿತು. ಕಂಡಕ್ಟರ್ ಬಾಗಿಲು ಬಡಿದು ಕೂಗಿದ. ಅದನ್ನು ಬಿಟ್ಟರೆ ಸಂಜೆಯವರೆಗೆ ಇನ್ನೊಂದು ಇರಲಿಲ್ಲ. ಅವರು ನನ್ನ ಬ್ಯಾಗು ಎತ್ತಿಕೊಡಲು ಕೈ ಹಾಕಿದರು. ನಾನು ಏಳಲಿಲ್ಲ. ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು.

"ಪೂರ್ತಿ ಹೇಳಿ" ಅಂದೆ.

ಅವರು ಕೆರೆಯ ಕಡೆ ನೋಡುತ್ತಾ, ನಿಧಾನವಾಗಿ, ಎಷ್ಟೋ ಸಲ ಒಬ್ಬರೇ ಹೇಳಿಕೊಂಡವರ ಹಾಗೆ ಹೇಳಿದರು. "ಬ್ಯಾಡ ಅನ್ನಿ. ನಮ್ ಮನೇಲಿ ನಾನು ಕೇಳ್ತೀನಿ, ನಿಮ್ಮಮ್ಮನ್ನ ನೀವು ಕೇಳಿ. ಒಂದು ವರ್ಷ ನೋಡಾಣ. ಯಾರೂ ಒಪ್ಲಿಲ್ಲ ಅಂದ್ರೆ, ಆಗ ಒಪ್ಕೊಳ್ಳಿ."

ಖಾಲಿ ಲೋಟ ಕೆಳಗಿಟ್ಟು, "ಆಮೇಲೆ ಹೇಳಾಣ ಅಂತ ಡಿಸ್ಪೆನ್ಸರಿಗೆ ಬಂದಿದ್ದೆ. ನೀವು ನಗ್ತಾ ಇದ್ರಿ" ಅಂದರು.

ಸಂಜೆಯ ಬಸ್ಸು ಬರುವವರೆಗೆ ನಾವು ಅಲ್ಲೇ ಕೂತಿದ್ದೆವು. ಅವರಿಗೂ ಉಸಿರಿತ್ತು, ನನಗೂ ಇತ್ತು. ಇಬ್ಬರೂ ಮಾತಾಡಲಿಲ್ಲ.